ಅವ್ವನ ಚೀಟಿ, ನನ್ನ ಚೆಕ್ಕು

2003ರ ಮಾತು. ಧಾರವಾಡದಿಂದ ಅವ್ವ ಪುಣೆಗೆ, ಕೋಥರೂಡಿನ ನಮ್ಮ ಮನೆಗೆ ಬಂದಿದ್ದಳು. ಇಲ್ಲಿಯ ಡಾಕ್ಟರು ಮೊದಲ ಸಲ ಇನ್ಸುಲಿನ್ ಬರೆದುಕೊಟ್ಟರು. ರಾತ್ರಿ ಚೀಟಿ ನೋಡಿಕೊಂಡು ಸಿರಿಂಜಿನ 40ರ ಗೆರೆಯವರೆಗೂ ಎಳೆದೆ.

"ಏ ತಮ್ಮಾ, ಪೂರಾ ತುಂಬೇತಲ್ಲೋ! ನಿಮ್ಮ ಕಾಕಾಗ ಸ್ವಲ್ಪ ಅಷ್ಟ ಹಾಕ್ತಿದ್ರು" ಎಂದಳು ಅವ್ವ.

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬರೆದದ್ದು ಬರೀ 4. ಪಕ್ಕದಲ್ಲಿದ್ದದ್ದು ಸೊನ್ನೆಯಲ್ಲ, ಯೂನಿಟ್ ಎನ್ನಲು ಹಾಕಿದ ಇಂಗ್ಲಿಷಿನ ಯು ಅಕ್ಷರ. ಅವಸರದಲ್ಲಿ ಅದರ ಬಾಯಿ ಮುಚ್ಚಿಹೋಗಿತ್ತು! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಓದಿ ತಿಳಿದೆ. ಬಿ.ಡಿ., ಟಿ.ಡಿ.ಎಸ್. ಎಲ್ಲ ಲ್ಯಾಟಿನ್ನಿನ ಪಳೆಯುಳಿಕೆಗಳು. ಓ.ಡಿ. ಅಂದರೆ ನಮ್ಮಲ್ಲಿ ದಿನಕ್ಕೊಮ್ಮೆ, ಕಣ್ಣಿನ ಡಾಕ್ಟರ ಚೀಟಿಯಲ್ಲಿ ಬಲಗಣ್ಣು! ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಬಳಸಲೇಬಾರದ ಸಂಕ್ಷಿಪ್ತಗಳ ಪಟ್ಟಿ ಮಾಡಿತು. ಅದರಲ್ಲಿ ಈ ಯು ಕೂಡ ಇತ್ತು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ಔಷಧಿಯ ಹೆಸರನ್ನು ಸ್ಪಷ್ಟವಾಗಿ, ಆದಷ್ಟು ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆಯಿರಿ ಎಂದಿತು. ಸಂಕ್ಷಿಪ್ತಗಳ ಬಗ್ಗೆ ಆ ನಿಯಮದಲ್ಲಿ ಚಕಾರವಿಲ್ಲ.

ನಾನು ಬ್ಯಾಂಕಿನವ. ಚೆಕ್ಕಿನಲ್ಲಿ ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ ಅಕ್ಷರದಲ್ಲಿದ್ದ ಮೊತ್ತವೇ ಖರೆ ಎಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಮು ಹೇಳುತ್ತದೆ. ದುಡ್ಡಿಗೆ ಬ್ರಿಟಿಷರ ಕಾಲದಿಂದಲೇ ಇಷ್ಟು ಕಾವಲು, ನೋಡಿ.

ಮರುದಿನ ಅವ್ವನ ಚೀಟಿಯನ್ನೂ ಚೆಕ್ಕಿನ ಹಾಗೇ ಬರೆಸಿದೆ: ಅಂಕಿಯಲ್ಲಿ 4, ಅಕ್ಷರದಲ್ಲಿ ನಾಲ್ಕು ಯೂನಿಟ್. ಡಾಕ್ಟರು ನಕ್ಕರು, ಆದರೆ ಬರೆದುಕೊಟ್ಟರು.