‘ಮಗೂನ ಎತ್ಕೋಬಹುದಾ?’: ಕ್ಯಾನ್ಸರ್ ವಾರ್ಡಿನ ಪಕ್ಕದ ಕುರ್ಚಿಗೆ ಒಂದು ಚರಿತ್ರೆ ಇದೆ

(ಈ ವಾರದ ಸಂಚಿಕೆಯ ಅಕ್ಷರ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ಬಸ್ಸಲ್ಲೋ, ಮೆಟ್ರೋದಲ್ಲೋ, ಮನೇಲಿ ಪಾತ್ರೆ ತೊಳೀತಾನೋ ಕೇಳ್ತಿದ್ದೀರಿ ಅಂದ್ಕೊಂಡಿದ್ದೀನಿ. ಇವತ್ತು ರಾಜರ ಕತೆ ಇಲ್ಲ, ಯುದ್ಧದ ಕತೆ ಇಲ್ಲ. ಒಂದು ಸಣ್ಣ ಪ್ರಶ್ನೆಯ ಕತೆ.

ಎರಡು ವರ್ಷದ ಹಿಂದೆ ನನ್ನ ಅತ್ತಿಗೆಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯ್ತು. ಆಗ ಅವರಿಗೆ 34 ವರ್ಷ, ಮಗಳಿಗೆ 3. ಮೊದಲು ಆಪರೇಷನ್, ಆಮೇಲೆ ಕೀಮೋ. ಡಿಸ್ಚಾರ್ಜ್ ಮಾಡುವಾಗ ಡಾಕ್ಟರ್ ಹೇಳಿದ್ದು, "ಆ ಕೈಯಲ್ಲಿ ಸದ್ಯಕ್ಕೆ ಭಾರ ಎತ್ತಬೇಡಿ." ಸರಿ ಅಂತ ಮನೆಗೆ ಬಂದ್ರು. ಬಾಗಿಲು ತೆಗೆದ ತಕ್ಷಣ ಮಗಳು ಓಡಿ ಬಂದು ಎರಡೂ ಕೈ ಮೇಲೆತ್ತಿ ನಿಂತ್ಲು. "ಅಮ್ಮಾ, ಎತ್ಕೋ."

13 ಕೆ.ಜಿ. ಮಗು. ಅದು ಭಾರದ ಲೆಕ್ಕಕ್ಕೆ ಬರುತ್ತಾ? ಮುಂದಿನ ಸಲ ಕೇಳಬೇಕು ಅಂತ ಅತ್ತಿಗೆ ಚೀಟೀಲಿ ಬರ್ಕೊಂಡ್ರು. ಆದ್ರೆ ಒಪಿಡಿಯಲ್ಲಿ ಸಿಕ್ಕ ಐದು ನಿಮಿಷ ರಕ್ತದ ರಿಪೋರ್ಟು, ಮುಂದಿನ ಡೋಸಿನ ತಾರೀಖು ಇಷ್ಟಕ್ಕೇ ಮುಗೀತು. ಚೀಟಿ ಪರ್ಸಲ್ಲೇ ಉಳೀತು.

ಉತ್ತರ ಬಂದಿದ್ದು ಕೀಮೋ ವಾರ್ಡಿನ ಪಕ್ಕದ ಕುರ್ಚಿಯಿಂದ. ತುಮಕೂರು ಕಡೆಯವರು, ಇಬ್ಬರು ಮಕ್ಕಳ ತಾಯಿ, ಅವತ್ತು ಅವರಿಗೆ ಐದನೇ ಕೀಮೋ. "ನೀನು ಬಗ್ಗಿ ಎತ್ಕೋಬೇಡಮ್ಮ. ಸೋಫಾ ಮೇಲೆ ಕೂತ್ಕೋ, ಆಪರೇಷನ್ ಆದ ಕಡೆ ದಿಂಬು ಇಟ್ಕೋ, ಈ ಕಡೆಯಿಂದ ಅವಳೇ ಹತ್ಕೊಂಡು ಬರ್ಲಿ. ನಮ್ಮ ಚಿಕ್ಕೋನಿಗೂ ಹಂಗೇ ಅಭ್ಯಾಸ ಮಾಡಿಸ್ದೆ." ಅವತ್ತು ಸಂಜೆ ಅತ್ತಿಗೆ ನಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ. ಕಾಯಿಲೆ ಗೊತ್ತಾದ ಮೇಲೆ ಅದೇ ಮೊದಲು.

ಆಸ್ಪತ್ರೇಲಿ ಪಕ್ಕದವರ ಜೊತೆ ಮಾತಾಡೋದು ಸಹಜ ಅಲ್ವಾ, ಇದರಲ್ಲೇನು ಚರಿತ್ರೆ ಅಂತ ನಾನೂ ಅಂದ್ಕೊಂಡಿದ್ದೆ. ಹುಡುಕ್ತಾ ಹೋದಾಗ ಗೊತ್ತಾಯ್ತು, 70 ವರ್ಷದ ಹಿಂದೆ ಈ ಮಾತುಕತೆ ಅಷ್ಟು ಸುಲಭ ಇರಲಿಲ್ಲ. ಇದಕ್ಕಾಗಿ ಜಗಳ ಆಡಿದವರ ದಾಖಲೆ ಹೆಚ್ಚಾಗಿ ಸಿಗೋದು ಅಮೆರಿಕದಲ್ಲಿ. ಅಲ್ಲಿಗೆ ಹೋಗೋಣ.

ಪತ್ರಿಕೆಯಲ್ಲಿ ಅಚ್ಚಾಗದ ಎರಡು ಪದ

1950ರ ದಶಕದ ಆರಂಭ, ನ್ಯೂಯಾರ್ಕ್. ಫ್ಯಾನಿ ರೋಸೆನೋ ಅನ್ನುವ ಮಹಿಳೆ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಗೆ ಫೋನ್ ಮಾಡ್ತಾರೆ. ಸ್ತನ ಕ್ಯಾನ್ಸರ್ ಆದ ಹೆಂಗಸರು ಸೇರಿ ಮಾತಾಡುವ ಒಂದು ಗುಂಪಿನ ಬಗ್ಗೆ ಜಾಹೀರಾತು ಕೊಡಬೇಕಿತ್ತು. ಕರೆ ಹೋಗಿದ್ದು ಮದುವೆ, ಪಾರ್ಟಿ ಸುದ್ದಿ ಹಾಕುವ ಪುಟದ ಸಂಪಾದಕರಿಗೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಉತ್ತರ: ‘ಸ್ತನ’ ಅನ್ನೋ ಪದವನ್ನೂ ಹಾಕೋಕಾಗಲ್ಲ, ‘ಕ್ಯಾನ್ಸರ್’ ಅನ್ನೋ ಪದವನ್ನೂ ಹಾಕೋಕಾಗಲ್ಲ. ಬೇಕಾದ್ರೆ ಎದೆಗೂಡಿನ ಗೋಡೆಯ ರೋಗಗಳ ಬಗ್ಗೆ ಸಭೆ ಅಂತ ಹಾಕಬಹುದು. ರೋಸೆನೋ ಬೇಸತ್ತು ಫೋನ್ ಇಟ್ಟುಬಿಟ್ರು. ಕ್ಯಾನ್ಸರ್ ಚರಿತ್ರೆ ಬರೆದ ಸಿದ್ಧಾರ್ಥ ಮುಖರ್ಜಿ ಈ ಪ್ರಸಂಗವನ್ನ ತಮ್ಮ ಪುಸ್ತಕದಲ್ಲಿ ಹೇಳಿದ್ದಾರೆ.

ಯೋಚನೆ ಮಾಡಿ. ಕಾಯಿಲೆಯ ಹೆಸರನ್ನೇ ಹೇಳೋ ಹಾಗಿಲ್ಲ ಅಂದ್ರೆ, ಅದೇ ಕಾಯಿಲೆ ಇರೋ ಇನ್ನೊಬ್ಬಳನ್ನ ಹುಡುಕೋದು ಹೇಗೆ?

ಒಂದು ಚೆಂಡು, ಒಂದು ಹಗ್ಗ

ಆ ಕಾಲದ ಚಿಕಿತ್ಸೆ ಹೇಗಿತ್ತು ಅಂತ ಸ್ವಲ್ಪ ಹೇಳ್ತೀನಿ. ವಿಲಿಯಂ ಹಾಲ್‌ಸ್ಟೆಡ್ ಅನ್ನುವ ಸರ್ಜನ್ 19ನೇ ಶತಮಾನದ ಕೊನೆಯಲ್ಲಿ ರೂಢಿಗೆ ತಂದ ಆಪರೇಷನ್ ಅದು. ಸ್ತನದ ಜೊತೆಗೆ ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು, ಎಲ್ಲವನ್ನೂ ತೆಗೆಯೋರು. ಆಮೇಲೆ ಎಷ್ಟೋ ಜನರಿಗೆ ಕೈ ಊದಿಕೊಳ್ತಿತ್ತು, ಭುಜ ಮೇಲೆತ್ತೋಕೆ ಆಗ್ತಿರಲಿಲ್ಲ. ಇನ್ನೂ ಒಂದು ಪದ್ಧತಿ ಇತ್ತು. ಗಂಟು ಪರೀಕ್ಷೆ ಮಾಡೋಕೆ ಅಂತ ಅರಿವಳಿಕೆ ಕೊಡೋರು. ಅದು ಕ್ಯಾನ್ಸರ್ ಅಂತ ಕಂಡುಬಂದ್ರೆ ಎಬ್ಬಿಸಿ ಕೇಳದೇ ಅದೇ ಟೇಬಲ್ ಮೇಲೆ ಸ್ತನ ತೆಗೆದುಬಿಡೋರು. ಎಚ್ಚರ ಆದಾಗಲೇ ಆಕೆಗೆ ಗೊತ್ತಾಗ್ತಿದ್ದಿದ್ದು.

1952ರಲ್ಲಿ ನ್ಯೂಯಾರ್ಕಿನ ಟೆರೀಸ್ ಲಾಸರ್ ಹೀಗೇ ಕಣ್ಣು ಬಿಟ್ಟವರು. ಅವರಿಗೆ ನೂರು ಪ್ರಶ್ನೆ. ಕೈಗೆ ಯಾವ ವ್ಯಾಯಾಮ ಮಾಡಬೇಕು? ಯಾವ ಬಟ್ಟೆ ಹಾಕ್ಕೋಬೇಕು? ಗಂಡನ ಎದುರು ಹೇಗೆ ನಿಲ್ಲಬೇಕು? ಸರ್ಜನ್ ಹತ್ರ ಇವಕ್ಕೆ ಉತ್ತರ ಇರಲಿಲ್ಲ. ಕೇಳಿದ್ರೆ ಜೀವ ಉಳೀತಲ್ಲ ಅನ್ನೋ ಧೋರಣೆ.

ಲಾಸರ್ ತಾವೇ ಒಂದೊಂದಾಗಿ ಉತ್ತರ ಕಂಡ್ಕೊಂಡ್ರು. ಆಮೇಲೆ ಮಾಡಿದ ಕೆಲಸ ಸ್ವಾರಸ್ಯ. ಹೊಸದಾಗಿ ಆಪರೇಷನ್ ಆದ ಹೆಂಗಸರ ಮಂಚದ ಹತ್ರ ಹೋಗಿ ನಿಲ್ಲೋಕೆ ಶುರು ಮಾಡಿದ್ರು. ಸರ್ಜನ್‌ಗಳ ಅನುಮತಿ ಕೇಳಲಿಲ್ಲ, ಆಸ್ಪತ್ರೆಯವರಿಂದ ಬೈಸಿಕೊಂಡ್ರು, ಹೊರಗೂ ಹಾಕಿಸಿಕೊಂಡ್ರು. ಮತ್ತೆ ಹೋದ್ರು. ಅವರ ಕೈಯಲ್ಲಿ ಒಂದು ಕಿಟ್ ಇರ್ತಿತ್ತು. ವ್ಯಾಯಾಮಕ್ಕೆ ಒಂದು ರಬ್ಬರ್ ಚೆಂಡು, ಒಂದು ಹಗ್ಗ, ಮನೆಗೆ ಹೋಗುವಾಗ ಬಟ್ಟೆಯೊಳಗೆ ಇಟ್ಕೊಳ್ಳೋಕೆ ತಾತ್ಕಾಲಿಕ ಪ್ಯಾಡು. ಇದಕ್ಕೆ ಅವರು ಇಟ್ಟ ಹೆಸರು ‘ರೀಚ್ ಟು ರಿಕವರಿ’. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಇದನ್ನ ತನ್ನ ಕಾರ್ಯಕ್ರಮವಾಗಿ ಸ್ವೀಕರಿಸ್ತು. ವಾರ್ಡಿಂದ ಹೊರಗೆ ಹಾಕಿಸಿಕೊಂಡಿದ್ದ ಕೆಲಸಕ್ಕೆ ಈಗ ಅಧಿಕೃತ ಮುದ್ರೆ.

ಆದ್ರೆ ಮುದ್ರೆ ಬಂದಾಗ ನಿಯಮಗಳೂ ಬಂದವು. ಭೇಟಿಗೆ ಹೋಗೋ ಸ್ವಯಂಸೇವಕಿ ಚೆನ್ನಾಗಿ ಉಡುಪು ಹಾಕ್ಕೊಂಡಿರಬೇಕು, ಆಪರೇಷನ್ ಆಗಿದೆ ಅಂತ ಗೊತ್ತೇ ಆಗದ ಹಾಗೆ ಕಾಣಬೇಕು, ಚಿಕಿತ್ಸೆಯ ಬಗ್ಗೆ ಮಾತಾಡಬಾರದು. ನೋಡು, ನಾನು ಮೊದಲಿನಂತೇ ಇದ್ದೀನಿ ಅನ್ನೋ ಧೈರ್ಯ ಕೊಡೋದು ಉದ್ದೇಶ.

ಈ ಧೈರ್ಯ ಎಲ್ಲರಿಗೂ ಹಿಡಿಸಲಿಲ್ಲ. 1978ರಲ್ಲಿ ಆಪರೇಷನ್ ಆದ ಕವಯಿತ್ರಿ ಆಡ್ರಿ ಲಾರ್ಡ್ ಕಪ್ಪು ಮಹಿಳೆ, ಲೆಸ್ಬಿಯನ್, ಇಬ್ಬರು ಮಕ್ಕಳ ತಾಯಿ. ಅವರ ಹತ್ರಾನೂ ಒಬ್ಬ ಸ್ವಯಂಸೇವಕಿ ಬಂದ್ರು, ಒಳ್ಳೆ ಮನಸ್ಸಿನವರೇ, ಕೈಯಲ್ಲಿ ತಿಳಿ ಗುಲಾಬಿ ಬಣ್ಣದ ಉಣ್ಣೆಯ ಪ್ಯಾಡು. ಲಾರ್ಡ್ ಅವರ ಮೈಬಣ್ಣಕ್ಕೆ ಅದು ಹೊಂದಲಿಲ್ಲ, ಅವರ ಪ್ರಶ್ನೆಗಳಿಗೂ ಹೊಂದಲಿಲ್ಲ. 1980ರ ‘ದಿ ಕ್ಯಾನ್ಸರ್ ಜರ್ನಲ್ಸ್’ ಪುಸ್ತಕದಲ್ಲಿ ಅವರು ಎತ್ತಿದ ತಕರಾರು ಇದು: ಪ್ರತಿಯೊಬ್ಬಳೂ ಪ್ಯಾಡು ಇಟ್ಟು ಮುಚ್ಚಿಕೊಂಡು ಓಡಾಡಿದ್ರೆ, ಬೀದೀಲಿ ಎದುರಾದ್ರೂ ನಾವು ಒಬ್ಬರಿಗೊಬ್ಬರು ಸಿಗೋದೇ ಇಲ್ಲ.

1974ರ ಶರತ್ಕಾಲ

ಈ ನಡುವೆ ಬಾಯಿಗಳು ಬಿಚ್ಚಿಕೊಂಡಿದ್ದವು. 1974ರ ಸೆಪ್ಟೆಂಬರ್ 28ರಂದು ಅಮೆರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರ ಪತ್ನಿ ಬೆಟ್ಟಿ ಫೋರ್ಡ್‌ಗೆ ಸ್ತನದ ಆಪರೇಷನ್ ಆಯ್ತು. ಅವರು ಮುಚ್ಚಿಡಲಿಲ್ಲ. ಎರಡು ದಶಕದ ಹಿಂದೆ ಅಚ್ಚಿಗೆ ಯೋಗ್ಯ ಅಲ್ಲ ಅಂದ ಪದಗಳು ಈಗ ಮುಖಪುಟಕ್ಕೆ ಬಂದವು. ಸಾವಿರಾರು ಪತ್ರಗಳು ಶ್ವೇತಭವನಕ್ಕೆ ಹೋದವು, ಎಷ್ಟೋ ಹೆಂಗಸರು ಮೊದಲ ಸಲ ತಪಾಸಣೆಗೆ ಹೋದ್ರು.

ಅದೇ ವರ್ಷ ಪತ್ರಕರ್ತೆ ರೋಸ್ ಕುಷ್ನರ್‌ಗೂ ಕಾಯಿಲೆ ಗೊತ್ತಾಯ್ತು. ಮೊದಲು ಪರೀಕ್ಷೆ ಮಾತ್ರ ಮಾಡಿ, ಎಚ್ಚರ ಆದ ಮೇಲೆ ನಾನೇ ನಿರ್ಧಾರ ಮಾಡ್ತೀನಿ ಅಂದ್ರು. ಒಪ್ಪುವ ಸರ್ಜನ್ ಸಿಗೋದೇ ಕಷ್ಟ ಆಯ್ತು. ಬೆಟ್ಟಿ ಫೋರ್ಡ್‌ಗಾದ್ರೂ ಈ ಅವಕಾಶ ಸಿಗಲಿ ಅಂತ ಶ್ವೇತಭವನಕ್ಕೆ ಫೋನ್ ಮಾಡಿದಾಗ ಬಂದ ಉತ್ತರ, ಅಧ್ಯಕ್ಷರು ತೀರ್ಮಾನ ಮಾಡಿಯಾಗಿದೆ ಅಂತ. ದೇಹ ಅವರದು, ತೀರ್ಮಾನ ಗಂಡನದು! ಕುಷ್ನರ್ 1975ರಲ್ಲಿ ಪುಸ್ತಕ ಬರೆದ್ರು, ಫೋನ್ ಮತ್ತು ಪತ್ರದ ಮೂಲಕ ಮಾಹಿತಿ ಕೊಡುವ ಕೇಂದ್ರ ತೆರೆದ್ರು. 1979ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಮಿತಿಯಲ್ಲಿ ಅವರೂ ಕೂತಿದ್ರು. ಪರೀಕ್ಷೆ ಮತ್ತು ಆಪರೇಷನ್ ಎರಡನ್ನೂ ಒಂದೇ ಅರಿವಳಿಕೆಯಲ್ಲಿ ಮಾಡುವ ರೂಢಿ ನಿಲ್ಲಬೇಕು ಅಂತ ಆ ಸಮಿತಿ ಹೇಳ್ತು.

1978ರಲ್ಲಿ ಷಿಕಾಗೋದಲ್ಲಿ ಮಿಮಿ ಕಪ್ಲಾನ್ ಮತ್ತು ಆನ್ ಮಾರ್ಕೂ ಅನ್ನುವ ಇಬ್ಬರು ರೋಗಿಗಳು ‘ವೈ-ಮಿ’ ಅಂತ ಒಂದು ಸಂಘ ಕಟ್ಟಿದ್ರು. ಕಾಯಿಲೆ ಅನುಭವಿಸಿದವರೇ ಫೋನ್ ಎತ್ತುವ ಸಹಾಯವಾಣಿ ಅದರಿಂದ ಬೆಳೀತು.

ಗುಂಪಲ್ಲಿ ಕೂತ್ರೆ ಆಯಸ್ಸು ಹೆಚ್ಚುತ್ತಾ?

ಈಗ ಒಂದು ಎಚ್ಚರಿಕೆಯ ಅಧ್ಯಾಯ. ವಾಟ್ಸ್ಆ್ಯಪ್‌ನಲ್ಲಿ ನೋಡಿರ್ತೀರ, ಪಾಸಿಟಿವ್ ಆಗಿದ್ರೆ ಕ್ಯಾನ್ಸರ್ ಗೆಲ್ಲಬಹುದು ಅಂತ. ಇದರ ಒಂದು ಬೇರು 1989ರಲ್ಲಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವೈದ್ಯ ಡೇವಿಡ್ ಸ್ಪೀಗೆಲ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಕ್ಯಾನ್ಸರ್ ಬೇರೆ ಅಂಗಕ್ಕೆ ಹರಡಿದ್ದ 86 ಹೆಂಗಸರು. ಕೆಲವರು ಒಂದು ವರ್ಷ ವಾರಕ್ಕೊಮ್ಮೆ ಗುಂಪಲ್ಲಿ ಕೂತು ಮಾತಾಡಿದ್ರು, ಉಳಿದವರಿಗೆ ಮಾಮೂಲಿ ಚಿಕಿತ್ಸೆ ಮಾತ್ರ. ಗುಂಪಿನವರು ಸರಾಸರಿ 36.6 ತಿಂಗಳು ಬದುಕಿದ್ರು, ಉಳಿದವರು 18.9 ತಿಂಗಳು. ಹೆಚ್ಚು ಕಡಿಮೆ ಎರಡು ಪಟ್ಟು! ಜಗತ್ತೇ ತಿರುಗಿ ನೋಡ್ತು.

ಆದ್ರೆ 2001ರಲ್ಲಿ ಕೆನಡಾದಲ್ಲಿ 235 ಹೆಂಗಸರ ಮೇಲೆ ನಡೆದ ಇನ್ನೂ ದೊಡ್ಡ ಅಧ್ಯಯನದಲ್ಲಿ ಆಯಸ್ಸು ಹೆಚ್ಚಲಿಲ್ಲ. 2007ರಲ್ಲಿ ಸ್ಪೀಗೆಲ್ ತಂಡ ತಾನೇ ಮತ್ತೆ ಪರೀಕ್ಷಿಸಿದಾಗಲೂ ಒಟ್ಟಾರೆ ಆಯಸ್ಸು ಹೆಚ್ಚಿದ್ದು ಕಾಣಲಿಲ್ಲ. ಹಾಗಾದ್ರೆ ಪ್ರಯೋಜನ ಇಲ್ವಾ? ಇದೆ. ಕೆನಡಾದ ಅಧ್ಯಯನದಲ್ಲಿ ಗುಂಪಿನವರ ಸಂಕಟ ಕಡಿಮೆ ಆಯ್ತು, ಅವರಿಗೆ ನೋವೂ ಕಡಿಮೆ ಅನ್ನಿಸ್ತು, ಅದರಲ್ಲೂ ಶುರುವಿನಲ್ಲಿ ಹೆಚ್ಚು ಕುಗ್ಗಿದ್ದವರಿಗೆ.

ಈ ವ್ಯತ್ಯಾಸ ಮುಖ್ಯ. ಯಾಕಂದ್ರೆ ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಕಾಯಿಲೆ ಹೋಗುತ್ತೆ ಅಂತ ನಂಬಿಸಿದ್ರೆ, ಕಾಯಿಲೆ ಮತ್ತೆ ಬಂದವಳು ತನ್ನ ಮನಸ್ಸೇ ಸರಿ ಇರಲಿಲ್ಲ ಅಂದ್ಕೋತಾಳೆ. ಕ್ಯಾನ್ಸರ್‌ಗೆ ಔಷಧಿ ಬೇಕು. ಗುಂಪು ಬೇಕಾಗಿರೋದು ಆ ಔಷಧಿ ನಡೆಯೋ ತಿಂಗಳುಗಳನ್ನ ದಾಟೋಕೆ.

‘ನಮ್ಮ ವಯಸ್ಸಿನವರು ಎಲ್ಲಿ?’

1990ರ ದಶಕದ ಹೊತ್ತಿಗೆ ಅಮೆರಿಕದ ಊರೂರಲ್ಲೂ ಗುಂಪುಗಳಿದ್ದವು. ಆದ್ರೆ ಹೆಚ್ಚಿನವರು ಮುಟ್ಟು ನಿಂತು, ಮಕ್ಕಳು ದೊಡ್ಡವರಾದ ಹೆಂಗಸರು. ಮೂವತ್ತರ ಆಸುಪಾಸಿನವಳು ಹೋಗಿ ಕೂತ್ರೆ ಅವಳ ಪ್ರಶ್ನೆಗಳೇ ಬೇರೆ. ಕೀಮೋ ಆದ ಮೇಲೆ ಇನ್ನೊಂದು ಮಗು ಆಗುತ್ತಾ? ಮುಟ್ಟು ವಾಪಸ್ ಬರುತ್ತಾ? ಕೂದಲು ಉದುರಿದಾಗ ಮಗು ಹೆದರಿದ್ರೆ? ನಾನು ಸತ್ರೆ ಮಗುವಿಗೆ ನನ್ನ ಮುಖ ನೆನಪಿರುತ್ತಾ?

1998ರಲ್ಲಿ, 40 ದಾಟುವ ಮೊದಲೇ ಕಾಯಿಲೆ ಬಂದಿದ್ದ ಮೂವರು ಹೆಂಗಸರು ನ್ಯೂಯಾರ್ಕಿನಲ್ಲಿ ‘ಯಂಗ್ ಸರ್ವೈವಲ್ ಕೊಯಲಿಷನ್’ ಶುರು ಮಾಡಿದ್ದು ಈ ಕೊರತೆಯಿಂದಲೇ. ಅದಕ್ಕೂ ಒಂದು ವರ್ಷ ಮೊದಲು, ಗರ್ಭಿಣಿಯಾಗಿದ್ದಾಗ ಕ್ಯಾನ್ಸರ್ ಬಂದವರು ತಮ್ಮದೇ ಒಂದು ಜಾಲ ಕಟ್ಟಿಕೊಂಡಿದ್ರು.

ಈ ಚರಿತ್ರೇಲಿ ನನಗೆ ಎದ್ದು ಕಾಣೋದು ಇದೇ. ಲಾಸರ್ ಒಂದು ಬಾಗಿಲು ತೆಗೆದ್ರು, ಲಾರ್ಡ್ ಅಂಥವರು ಹೊರಗೇ ಉಳಿದ್ರು. ಇನ್ನೊಂದು ಬಾಗಿಲು ತೆರೀತು, ಎಳೆ ಮಕ್ಕಳ ತಾಯಂದಿರು ಹೊರಗುಳಿದ್ರು. ಪ್ರತಿ ಸಲವೂ ಹೊರಗೆ ನಿಂತವರೇ ಮುಂದಿನ ಬಾಗಿಲು ಮಾಡಿದ್ದಾರೆ. ಅದೇ ಕಾಯಿಲೆ ಬಂದವರು ಸಿಕ್ಕರೆ ಅರ್ಧ ಸಮಾಧಾನ. ಅದೇ ವಯಸ್ಸಿನ, ಅದೇ ಥರ ಮನೇಲಿ ಪುಟ್ಟ ಮಗು ಇರೋರು ಸಿಕ್ಕರೆ ಉತ್ತರಾನೂ ಸಿಗುತ್ತೆ.

ನಮ್ಮ ಕಡೆ

ಭಾರತದಲ್ಲಿ ಇದು ಇನ್ನೂ ಹತ್ತಿರದ ವಿಷಯ. ಇಲ್ಲಿನ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದ್ರೆ ಇಲ್ಲಿ ಸರಾಸರಿ ಸುಮಾರು 10 ವರ್ಷ ಮೊದಲೇ ಕಾಣಿಸಿಕೊಳ್ಳುತ್ತೆ. ಅಂದ್ರೆ ಮಕ್ಕಳು ಇನ್ನೂ ಸ್ಕೂಲಿಗೆ ಹೋಗೋ ವಯಸ್ಸು. ಹಾಲೂಡಿಸುವಾಗ ಗಂಟು ಸಿಕ್ಕರೆ ಹಾಲು ಕಟ್ಟಿದೆ ಅಂತ ಸುಮ್ಮನಾಗ್ತೀವಿ. ಬಹಳ ಸಲ ಅದು ಹಾಲೇ ಇರುತ್ತೆ, ಆದ್ರೆ ಕೆಲವು ದಿನದಲ್ಲಿ ಕರಗದಿದ್ರೆ ತೋರಿಸಲೇಬೇಕು.

ಮುಂಬೈಯಲ್ಲಿ 1994ರಲ್ಲಿ, ಸ್ವತಃ ಕ್ಯಾನ್ಸರ್‌ನಿಂದ ಗುಣವಾಗಿದ್ದ ವಂದನಾ ಗುಪ್ತಾ ‘ವಿ ಕೇರ್’ ಸಂಸ್ಥೆ ಕಟ್ಟಿದ್ರು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ಇದೆ. ರಾಯಚೂರು, ಬಳ್ಳಾರಿ, ಚಾಮರಾಜನಗರ, ಎಲ್ಲಾ ಕಡೆಯಿಂದ ಜನ ಬರ್ತಾರೆ. ಅಲ್ಲಿ ರೋಗಿಗಳು, ಜೊತೆಗೆ ಬಂದವರು ಉಳಿಯುವ ಧರ್ಮಶಾಲೆ ಇದೆ. ಗುಂಪು ಅಂತ ಬೋರ್ಡ್ ಹಾಕದಿದ್ರೂ ಇಂಥ ಜಾಗಗಳಲ್ಲಿ ಅನುಭವ ಕೈ ಬದಲಾಗುತ್ತೆ. ಮುಚ್ಚಿಡುವ ಅಭ್ಯಾಸ ನಮ್ಮಲ್ಲೂ ಕಡಿಮೆ ಇಲ್ಲ. ಅಕ್ಕಪಕ್ಕದವರಿಗೆ ಗೊತ್ತಾಗಬಾರದು, ನಾಳೆ ಮಗಳ ಮದುವೆಗೆ ತೊಂದರೆ ಅಂತ ಹೇಳ್ತಾರೆ. ರೋಸೆನೋಗೆ ಪತ್ರಿಕೆ ಹೇಳಿದ್ದನ್ನೇ ನಮಗೆ ಮನೆಯವರು ಹೇಳ್ತಾರೆ, ಅಷ್ಟೇ ವ್ಯತ್ಯಾಸ.

ಅತ್ತಿಗೆ ಆ ತುಮಕೂರಿನ ಅಕ್ಕನ ನಂಬರ್ ಇಸ್ಕೊಂಡಿದ್ರು. ತಿಂಗಳುಗಟ್ಟಲೆ ಮಾತಾಡಿದ್ರು. ಬಾಯಿ ಹುಣ್ಣಾದಾಗ ಏನು ತಿಂದ್ರಿ, ಮಗೂಗೆ ಏನಂತ ಹೇಳಿದ್ರಿ, ಇದೇ ಮಾತು. ಒಂದು ದಿನ ಫೋನ್ ಮಾಡಿದಾಗ ಅವರ ಯಜಮಾನ್ರು ಎತ್ತಿದ್ರು. ಆಮೇಲೆ ಅತ್ತಿಗೆ ಎರಡು ವಾರ ಯಾರ ಜೊತೆನೂ ಸರಿಯಾಗಿ ಮಾತಾಡಲಿಲ್ಲ. ಇಂಥ ಸ್ನೇಹದಲ್ಲಿ ಇದೂ ಇರುತ್ತೆ, ಅದನ್ನ ಹೇಳದೇ ಹೋದ್ರೆ ಈ ಸಂಚಿಕೆ ಸುಳ್ಳಾಗುತ್ತೆ.

ಈಗ ಅತ್ತಿಗೆ ಆರು ತಿಂಗಳಿಗೊಮ್ಮೆ ಚೆಕಪ್‌ಗೆ ಹೋಗ್ತಾರೆ. ಹೋದಾಗ ವಾರ್ಡಲ್ಲಿ ಅರ್ಧ ಗಂಟೆ ಕೂತು ಬರ್ತಾರೆ. ಈ ಸಂಚಿಕೆ ಮಾಡ್ತೀನಿ ಅಂದಾಗ ಒಂದು ಮಾತು ಸೇರಿಸು ಅಂದ್ರು: "ಡೋಸಿನ ವಿಷಯ ಡಾಕ್ಟರ್ ಹತ್ರಾನೇ ಕೇಳ್ಕೊಳ್ಳಿ. ಆದ್ರೆ ದಿಂಬು ಎಲ್ಲಿಟ್ಕೋಬೇಕು ಅಂತ ಪಕ್ಕದವರನ್ನ ಕೇಳಿ. ನಾಚ್ಕೋಬೇಡಿ."

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಯಾರಾದ್ರೂ ಈ ಚಿಕಿತ್ಸೆಯಲ್ಲಿದ್ರೆ ಇದನ್ನ ಅವರಿಗೆ ಕಳಿಸಿ. ಕೀಮೋ ಮುಗಿಸಿದ ಪರಿಚಯದವರು ಇದ್ರೆ, ಇಬ್ಬರನ್ನೂ ಕೇಳಿ, ಒಪ್ಪಿದ್ರೆ ನಂಬರ್ ಕೊಡಿಸಿ.