ಕ್ಯಾರವಾನ್‌ನ ಮುಂಭಾಗಕ್ಕೆ ಭಾರ ಹಾಕಿದರೆ ಸಾಕೇ? ಆ ಟ್ರೆಡ್‌ಮಿಲ್ ವಿಡಿಯೋ ಹೇಳದ ಲೆಕ್ಕ

ಓಡುತ್ತಿರುವ ಟ್ರೆಡ್‌ಮಿಲ್ ಮೇಲೆ ಒಂದು ಆಟಿಕೆ ಕಾರು, ಅದರ ಹಿಂದೆ ಪುಟ್ಟ ಟ್ರೇಲರ್. ತೂಕದ ತುಂಡುಗಳನ್ನು ಟ್ರೇಲರ್‌ನ ಹಿಂಭಾಗಕ್ಕೆ ಸರಿಸಿ ಬೆರಳಿನಿಂದ ಒಮ್ಮೆ ತಟ್ಟಿದರೆ ಸಾಕು, ಎರಡೂ ಹಾವಿನಂತೆ ಹೊರಳಾಡುತ್ತವೆ. ಮುಂದಕ್ಕೆ ಸರಿಸಿದರೆ ತಾನಾಗಿಯೇ ನೆಟ್ಟಗಾಗುತ್ತವೆ. ಈ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅದು ತೋರಿಸುವುದು ನಿಜ. ಆದರೆ "ಭಾರವನ್ನೆಲ್ಲ ಮುಂದೆ ಹಾಕಿ, ಎಷ್ಟು ಬೇಕಾದರೂ ತುಂಬಿ" ಎಂದು ಅರ್ಥ ಮಾಡಿಕೊಂಡರೆ ಅಪಾಯ.

ಕಾರಿನ ಹಿಂದೆ ಕಟ್ಟಿ ಎಳೆಯುವ ಕ್ಯಾರವಾನ್ ನಮ್ಮಲ್ಲಿ ಅಪರೂಪ, ಬ್ರಿಟನ್‌ನಲ್ಲಿ ಸಾಮಾನ್ಯ. 2021ರ ಡಿಸೆಂಬರ್ 16ರಿಂದ ಅಲ್ಲಿ ಸಾಮಾನ್ಯ ಕಾರು ಲೈಸೆನ್ಸ್‌ನಲ್ಲೇ 3,500 ಕೆಜಿವರೆಗಿನ ಟ್ರೇಲರ್ ಎಳೆಯಬಹುದು, ಬೇರೆ ಪರೀಕ್ಷೆ ಬೇಡ. ಅಂದರೆ ತೂಕದ ಲೆಕ್ಕ ನಿಮಗೆ ಗೊತ್ತಿದೆಯೇ ಎಂದು ಯಾರೂ ಕೇಳುವುದಿಲ್ಲ. ಅಲ್ಲಿ ನೆಲೆಸಿರುವ ಅಣ್ಣನೋ ಅಕ್ಕನೋ ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ಕೊಳ್ಳುತ್ತಿದ್ದರೆ ಇದನ್ನು ಕಳಿಸಿ.

ಬಾಗಿಲಿನ ಹತ್ತಿರ ಅಂಟಿಸಿರುವ ಫಲಕದಲ್ಲಿ ಎಂಟಿಪಿಎಲ್‌ಎಂ ಎಂಬ ಸಂಖ್ಯೆ ಇರುತ್ತದೆ. ಸಾಮಾನು ಸೇರಿ ಕ್ಯಾರವಾನ್ ಮೀರಬಾರದ ಒಟ್ಟು ತೂಕ ಅದು. ಕಾರ್ಖಾನೆಯಿಂದ ಬಳಕೆಗೆ ಸಿದ್ಧವಾಗಿ ಬಂದಾಗಿನ ತೂಕಕ್ಕೆ ಮೈರೋ ಎನ್ನುತ್ತಾರೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದೇ ಪೇಲೋಡ್. ನಮ್ಮ ಲಾರಿಗಳ ಆರ್‌ಸಿಯಲ್ಲಿ ಖಾಲಿ ತೂಕ, ಒಟ್ಟು ತೂಕ ಎಂದು ಬರೆದಿರುತ್ತಾರಲ್ಲ, ಅದೇ ಲೆಕ್ಕ.

ಉಳಿಯುವ ಸಂಖ್ಯೆ ಎಷ್ಟು ಚಿಕ್ಕದೆಂಬುದೇ ಇಲ್ಲಿ ಅಚ್ಚರಿ. 1,500ರಲ್ಲಿ 1,350 ಕಳೆದರೆ 150 ಕೆಜಿ. ಲೆಡ್ ಆಸಿಡ್ ಬ್ಯಾಟರಿಯೊಂದೇ 20 ಕೆಜಿ ದಾಟುತ್ತದೆ, ಎಷ್ಟೋ ಮಾದರಿಗಳಲ್ಲಿ ಅದು ಮೈರೋದಲ್ಲಿ ಸೇರಿರುವುದಿಲ್ಲ. ಗ್ಯಾಸ್ ಸಿಲಿಂಡರ್ ಎಂದರೆ ಒಳಗಿನ ಗ್ಯಾಸ್ ಮಾತ್ರವಲ್ಲ, ಉಕ್ಕಿನ ತೂಕವೂ ಇದೆ: ನಮ್ಮ ಅಡುಗೆಮನೆಯ 14.2 ಕೆಜಿ ಸಿಲಿಂಡರ್ ತುಂಬಿದಾಗ ಸುಮಾರು 30 ಕೆಜಿ ತೂಗುವುದನ್ನು ನೆನಪಿಸಿಕೊಳ್ಳಿ. ಮುಂದೆ ಕಟ್ಟುವ ಟೆಂಟ್, ಟಿವಿ, ಹಾಸಿಗೆ ಬಟ್ಟೆ, ಪಾತ್ರೆ, ಅಕ್ಕಿ, ಕುಕ್ಕರ್. ನೀರು ಲೀಟರಿಗೆ 1 ಕೆಜಿ. 40 ಲೀಟರಿನ ಡ್ರಮ್ ತುಂಬಿಸಿಕೊಂಡು ಹೊರಟರೆ 40 ಕೆಜಿ ಹೋಯಿತು. ನೀರು ತಂಗುವ ಜಾಗದಲ್ಲೇ ಸಿಗುತ್ತದೆ, ಖಾಲಿ ಒಯ್ಯಿರಿ.

"ಹೆಚ್ಚಾದದ್ದನ್ನು ಕಾರಿನ ಡಿಕ್ಕಿಗೆ ಹಾಕಿದರಾಯಿತು" ಎಂಬ ಉತ್ತರ ಸುಲಭ, ಆದರೆ ಪೂರ್ತಿ ಅಲ್ಲ. ಕಾರಿಗೂ ತನ್ನದೇ ಮಿತಿ ಇದೆ, ಕಾರು ಮತ್ತು ಕ್ಯಾರವಾನ್ ಎರಡೂ ಸೇರಿದ ತೂಕಕ್ಕೂ ಇದೆ. ಕ್ಯಾರವಾನ್‌ನ ಮೂತಿ ಕಾರಿನ ಕೊಂಡಿಯ ಮೇಲೆ ಒತ್ತುವ ಭಾರವೂ ಕಾರಿನ ಲೆಕ್ಕಕ್ಕೇ ಸೇರುತ್ತದೆ.

ವಿಡಿಯೋ ಅರ್ಧ ಹೇಳಿದ್ದು ಈ ಮೂತಿಯ ಭಾರದ ಬಗ್ಗೆಯೇ. ಅದು ಕ್ಯಾರವಾನ್‌ನ ನಿಜವಾದ ತೂಕದ ಶೇ 5ರಿಂದ 7ರಷ್ಟು ಇರಲಿ ಎಂಬುದು ಅಲ್ಲಿನ ರೂಢಿಯ ಸಲಹೆ. 1,400 ಕೆಜಿಗೆ 70ರಿಂದ 98 ಕೆಜಿ. ಕಡಿಮೆಯಾದರೆ ಹಿಂಭಾಗ ಓಲಾಡುತ್ತದೆ. ವಿಪರೀತವಾದರೆ ಕಾರಿನ ಹಿಂಬದಿ ಕುಸಿದು ಮುಂದಿನ ಚಕ್ರಗಳು ಹಗುರಾಗುತ್ತವೆ, ಸ್ಟೀರಿಂಗ್ ಮತ್ತು ಬ್ರೇಕ್‌ನ ಹಿಡಿತ ಕಡಿಮೆಯಾಗುತ್ತದೆ. ಕೊಂಡಿಯ ಮಿತಿ 75 ಎಂದಿದ್ದರೆ 98ರ ಮಾತೇ ಇಲ್ಲ, 75ಕ್ಕೇ ನಿಲ್ಲಬೇಕು. ಭಾರದ ಸಾಮಾನು ನೆಲಮಟ್ಟದಲ್ಲಿ, ಅಚ್ಚಿನ ನೇರಕ್ಕೆ ಇರಲಿ; ಮೇಲಿನ ಕಪಾಟುಗಳಿಗೆ ಬಟ್ಟೆಯಂಥ ಹಗುರ ವಸ್ತು ಸಾಕು.

ಕ್ಯಾರವಾನ್ ಕಾರಿನ ತೂಕದ ಶೇ 85 ಮೀರಬಾರದು ಎಂಬುದು ಕಾನೂನು ಎಂದು ಹಲವರು ಹೇಳುತ್ತಾರೆ. ಕಾನೂನಲ್ಲ, ಹೊಸಬರಿಗೆ ಕೊಡುವ ಸಲಹೆ. ಆದರೂ ಪಾಲಿಸುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ: 1,600 ಕೆಜಿ ಕಾರಿಗೆ 1,360. ಫಲಕದ ಮಿತಿ ಮೀರುವುದು ಮಾತ್ರ ಅಪರಾಧ.

ಓಡುವಾಗ ಕ್ಯಾರವಾನ್ ಹೊರಳಾಡಲು ಶುರುವಾದರೆ? ವೇಗ ಹೆಚ್ಚಿಸಿ ಎಳೆದು ನೆಟ್ಟಗೆ ಮಾಡಿ ಎಂಬ ಸಲಹೆ ನಂಬಬೇಡಿ. ಗಟ್ಟಿಯಾಗಿ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ತಿರುಗಿಸಿ ಸರಿಪಡಿಸಲು ಹೋಗಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ವೇಗ ನಿಧಾನವಾಗಿ ಇಳಿಯಲು ಬಿಡಿ. ಆಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಹಿಂಭಾಗದಲ್ಲಿ ಏನು ತುಂಬಿದ್ದೀರಿ ನೋಡಿ.

ಅಂದಾಜು ಬೇಡ ಎನ್ನುವವರು ಸಾಮಾನು ತುಂಬಿದ ಮೇಲೆ ಒಮ್ಮೆ ವೇ ಬ್ರಿಡ್ಜ್‌ಗೆ ಒಯ್ದು ತೂಗಿಸಬಹುದು.