ಸೇಂದಿ ಗಡಿಗೆಯ ಬಾಳು

ಈಚಲ ಮರದ ಕಾಂಡ ನೋಡಿದರೆ ಅದು ಎಷ್ಟು ವರ್ಷ ದುಡಿದಿದೆ ಎಂಬುದು ತಿಳಿಯುತ್ತದೆ. ಈ ವರ್ಷ ಒಂದು ಬದಿಗೆ ಕೆತ್ತಿದರೆ ಮುಂದಿನ ವರ್ಷ ಎದುರು ಬದಿಗೆ, ತುಸು ಮೇಲೆ. ಹೀಗೆ ವರ್ಷವರ್ಷವೂ ಸೇಂದಿ ಇಳಿಸಿದ ಮರ ಡೊಂಕುಡೊಂಕಾಗಿ ಬೆಳೆಯುತ್ತದೆ. ಗಾಯಗಳನ್ನು ಎಣಿಸಿದರೆ ಲೆಕ್ಕ ಸಿಕ್ಕಿತು. ಆ ಗಾಯಗಳ ಕೆಳಗೆ ತೂಗಿ, ಒಡೆದು, ಬದಲಾದ ಗಡಿಗೆಗಳ ಲೆಕ್ಕ ಮಾತ್ರ ಮರದ ಮೇಲೆ ಉಳಿಯುವುದಿಲ್ಲ.

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯ ಹಳ್ಳದ ದಂಡೆಗಳು ಈಚಲಿಗೆ ಒಗ್ಗುವ ನೆಲ. ಈಡಿಗರು, ಕಲಾಲರು ಇದನ್ನೇ ನಂಬಿ ಬದುಕಿದವರು. ಸಂಜೆ ಮರ ಹತ್ತಿ ಕೆತ್ತಿದ ಜಾಗಕ್ಕೆ ಗಡಿಗೆ ಕಟ್ಟಬೇಕು, ನಸುಕಿನಲ್ಲಿ ಇಳಿಸಬೇಕು. ಮರ ಹತ್ತುವ ಹಗ್ಗ, ಬಾಗಿದ ಕತ್ತಿ, ಗಡಿಗೆಯ ಕೊರಳಿನ ಹುರಿ, ಬಾಯಿಗೆ ಕಟ್ಟುವ ಅರಿವೆ: ಇಷ್ಟೇ ಸಲಕರಣೆ. ಹಗ್ಗ ಸವೆದರೆ ಜೀವಕ್ಕೆ ಕುತ್ತು, ಕತ್ತಿ ಮೊಂಡಾದರೆ ಮರಕ್ಕೆ ಕುತ್ತು, ಗಡಿಗೆ ಕೆಟ್ಟರೆ ಸೇಂದಿಗೆ ಕುತ್ತು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಗಡಿಗೆಯ ಆರೈಕೆ. ಮರದಿಂದ ತೊಟ್ಟಿಕ್ಕುವ ರಸ ಬರೀ ಸಿಹಿ, ಅದರಲ್ಲಿ ನೂರಕ್ಕೆ ಹತ್ತರ ಆಸುಪಾಸು ಸಕ್ಕರೆ. ಅದನ್ನು ಸೇಂದಿ ಮಾಡುವುದು ಗಾಳಿಯಲ್ಲೂ ಗಡಿಗೆಯ ಮೈಯಲ್ಲೂ ಇರುವ ಯೀಸ್ಟ್. ಸುಟ್ಟ ಮಣ್ಣಿಗೆ ಸಣ್ಣ ರಂಧ್ರಗಳಿರುತ್ತವೆ; ನಿನ್ನೆಯ ಸೇಂದಿ ಅಲ್ಲಿ ಅಡಗಿ ಕೂತು ಇಂದಿನ ರಸವನ್ನು ಬೇಗ ಹುದುಗಿಸುತ್ತದೆ. ಆದ್ದರಿಂದಲೇ ಹಳೆಯ ಗಡಿಗೆಗೆ ಬೆಲೆ. ಆದರೆ ಅದೇ ರಂಧ್ರಗಳಲ್ಲಿ ಹುಳಿ ಹಿಡಿಸುವ ಜೀವಾಣುಗಳೂ ನೆಲೆಸುತ್ತವೆ. ತೊಳೆಯದೆ ಬಿಟ್ಟ ಗಡಿಗೆ ಸೇಂದಿಯನ್ನು ವಿನೆಗರ್ ಮಾಡಿಬಿಡುತ್ತದೆ. ಬಿಸಿನೀರು, ಬಿಸಿಲು, ಹೊಗೆ, ಈ ಮೂರೂ ಬೇಕಾದದ್ದು ಅದಕ್ಕೇ. ಒಳಮೈಗೆ ಸುಣ್ಣ ಬಳಿದರೆ ಹುದುಗುವುದೇ ನಿಂತು ರಸ ನೀರಾ ಆಗಿ ಉಳಿಯುತ್ತದೆ. ಒಂದೇ ಮರ, ಒಂದೇ ಕೆತ್ತು; ಬೆಲ್ಲಕ್ಕೆ ಹೋಗುವ ನೀರಾ, ಅಮಲೇರಿಸುವ ಸೇಂದಿ, ಬಾಯಿಗಿಡಲಾಗದ ಹುಳಿ ಎಂಬ ಮೂರು ದಾರಿಗಳನ್ನು ತೀರ್ಮಾನಿಸುವುದು ಗಡಿಗೆಯ ಒಳಮೈ.

ಬಿರುಕು ಬಿಟ್ಟರೆ ಕುಂಬಾರನ ಮನೆಯೇ ಗತಿ. ಬೆರಳ ಗೆಣ್ಣಿನಿಂದ ತಟ್ಟಿದಾಗ ಕಣಕಣ ಎಂದರೆ ಒಳ್ಳೆಯ ಗಡಿಗೆ, ಮಂಕಾಗಿ ನುಡಿದರೆ ಎಲ್ಲೋ ಸೀಳಿದೆ. ಹೊಸದನ್ನು ತಂದ ಕೂಡಲೇ ಬಳಸುವಂತಿಲ್ಲ. ನೀರು ಕುಡಿಸಿ ಮಣ್ಣಿನ ವಾಸನೆ ಕಳೆಯಬೇಕು.

ಹಳೆಯದನ್ನು ಹಿಡಿದಿಟ್ಟುಕೊಳ್ಳುವ ಈ ಗುಣ ಮಣ್ಣಿನದಷ್ಟೇ ಅಲ್ಲ. ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ತಂಪುಪಾನೀಯ ಕಂಪನಿಗಳು ಕೈಬಿಟ್ಟ ಉಕ್ಕಿನ ಪೀಪಾಯಿಗಳನ್ನು ಕೊಂಡು ಬಳಸುತ್ತಾರೆ. ಒಂದೊಂದರಲ್ಲಿ ಸುಮಾರು 19 ಲೀಟರ್ ಹಿಡಿಯುತ್ತದೆ. ತಂದವರು ಮೊದಲು ಕಿತ್ತೆಸೆಯುವುದು ಮುಚ್ಚಳದ, ಕೊಳವೆಗಳ ರಬ್ಬರ್ ಬಳೆಗಳನ್ನು. ಉಕ್ಕು ತೊಳೆದರೆ ಶುದ್ಧ. ರಬ್ಬರ್ ಮಾತ್ರ ಹಳೆಯ ಷರಬತ್ತಿನ ವಾಸನೆಯನ್ನು ಬಿಡುವುದಿಲ್ಲ. ಲಿಂಗಸುಗೂರಿನ ಗಡಿಗೆಯಲ್ಲಿ ಮಣ್ಣು ಮಾಡುತ್ತಿದ್ದ ಕೆಲಸವನ್ನೇ ಅಲ್ಲಿ ರಬ್ಬರ್ ಮಾಡುತ್ತದೆ.

ಸರಕಾರಗಳ ಕಣ್ಣು ಗಡಿಗೆಯ ಮೇಲಲ್ಲ, ಮರದ ಮೇಲಿತ್ತು. ಈ ಸೀಮೆ ಸೇರಿದ್ದ ರಾಯಚೂರು ದೋಆಬ್ 1853ರಲ್ಲಿ ಇಂಗ್ಲಿಷರ ಕೈಗೆ ಹೋಗಿ 1860ರಲ್ಲಿ ಹೈದರಾಬಾದಿನ ನಿಜಾಮನಿಗೆ ಮರಳಿತು. ಲಿಂಗಸುಗೂರು 1905ರವರೆಗೆ ಜಿಲ್ಲಾ ಕೇಂದ್ರವೇ ಆಗಿತ್ತು. ಅಬಕಾರಿ ನಿಜಾಮನ ಖಜಾನೆಯ ದೊಡ್ಡ ಆದಾಯಗಳಲ್ಲೊಂದು. ಗುತ್ತಿಗೆದಾರ ಹರಾಜಿನಲ್ಲಿ ಹಕ್ಕು ಹಿಡಿಯುತ್ತಿದ್ದ, ಮರಕ್ಕೆ ಇಂತಿಷ್ಟೆಂದು ತೆರಿಗೆ ಬೀಳುತ್ತಿತ್ತು. ಮರ ಹತ್ತಿ ಸೇಂದಿ ಇಳಿಸುವವನ ಪಾಲಿಗೆ ಉಳಿಯುತ್ತಿದ್ದುದು ಕೂಲಿ.

ಈ ಲೆಕ್ಕಾಚಾರವೇ ಮರಕ್ಕೆ ಮುಳುವಾಯಿತು. 1947–48ರಲ್ಲಿ ಹೈದರಾಬಾದ್ ವಿಮೋಚನಾ ಹೋರಾಟ ಕಾವೇರಿದಾಗ, ನಿಜಾಮನ ಆದಾಯಕ್ಕೆ ಪೆಟ್ಟು ಕೊಡಲು ಹೋರಾಟಗಾರರು ಸೇಂದಿ ಮರಗಳನ್ನೇ ಉರುಳಿಸಿದರು. ಅದಕ್ಕೂ ಮೊದಲು, 1939ರಲ್ಲಿ, ಮೈಸೂರು ಸಂಸ್ಥಾನದ ತುರುವನೂರಿನಲ್ಲೂ ಈಚಲು ಕಡಿಯುವ ಸತ್ಯಾಗ್ರಹ ನಡೆದಿತ್ತು. ಸ್ವಾತಂತ್ರ್ಯಕ್ಕಾಗಿ ನಡೆದ ಆ ಹೋರಾಟ ನ್ಯಾಯದ್ದೇ. ಆದರೂ ಕೊಡಲಿಯ ಪೆಟ್ಟು ಬಿದ್ದದ್ದು ಬಡವನ ಅನ್ನದ ಮೇಲೆ ಎಂಬುದನ್ನು ಇತಿಹಾಸ ಬರೆಯುವವರು ಬಿಡಬಾರದು.

ಮುಂದೆ ಈ ಶತಮಾನದ ಮೊದಲ ದಶಕದಲ್ಲಿ ಈ ಭಾಗದಲ್ಲಿ ಸೇಂದಿ ಮಾರಾಟಕ್ಕೆ ತಡೆ ಬಿತ್ತು, 2007ರ ಜುಲೈ 1ರಂದು ಸಾರಾಯಿಯೂ ನಿಂತಿತು. ಗಡಿಗೆ ಇಳಿದ ಮೇಲೂ ಕುಡಿತ ಇಳಿಯಲಿಲ್ಲ. ರಾಯಚೂರು ಜಿಲ್ಲೆಯಲ್ಲಿ ಕ್ಲೋರಲ್ ಹೈಡ್ರೇಟ್ ಎಂಬ ಪುಡಿಯನ್ನು ನೀರಿಗೆ ಬೆರೆಸಿ ಸೇಂದಿಯ ಹೆಸರಲ್ಲಿ ಮಾರುವ ದಂಧೆ ಬೆಳೆಯಿತು. ಈ ದ್ರವಕ್ಕೆ ಮರವೂ ಬೇಡ, ಹುದುಗುವ ಹೊತ್ತೂ ಬೇಡ, ತೊಳೆದು ಒಣಗಿಸಿದ ಗಡಿಗೆಯೂ ಬೇಡ. ಮದ್ಯ ನಿಷೇಧಕ್ಕಾಗಿ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದ ಸಾವಿರಾರು ಹೆಂಗಸರಲ್ಲಿ ರಾಯಚೂರು ಜಿಲ್ಲೆಯವರೂ ಇದ್ದರು. ಕುಡಿತ ಮನೆಗೆ ತಂದ ಸಂಕಟ ಅವರಿಗಷ್ಟೇ ಗೊತ್ತು.

ಹಳ್ಳದ ದಂಡೆಯ ಈಚಲಿನಿಂದ ಈಗ ಹೆಚ್ಚಾಗಿ ಕೊಯ್ಯುವುದು ಗರಿ. ಅದು ಚಾಪೆಗೂ ಕಸಬರಿಗೆಗೂ ಆಗುತ್ತದೆ. ಹಳೆಯ ಮರಗಳ ಕೆತ್ತು ಮಾತ್ರ ಒಂದು ಎತ್ತರಕ್ಕೆ ಬಂದು ನಿಂತಿದೆ. ಅದರ ಮೇಲೆ ಕಾಂಡ ನೆಟ್ಟಗೆ ಬೆಳೆದಿದೆ.